ಪರದೆಯಲ್ಲಿ ಕಂಡ ಬಣ್ಣ, ಸೀರೆಯಲ್ಲಿ ಬಂದ ಬಣ್ಣ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಸೀಮೆಯಲ್ಲಿ ನೇಯುವ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಈಗ ಎರಡು ಬಗೆಯ ಅಂಗಡಿ. ಒಂದು ಪೇಟೆಯಲ್ಲಿದೆ. ಅಲ್ಲಿ ಕೊಳ್ಳುವವರು ಮಡಿಕೆ ಬಿಚ್ಚಿ, ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು, ಹೆಗಲ ಮೇಲೆ ಹಾಕಿ ನೋಡಿ ಒಪ್ಪುತ್ತಾರೆ. ಇನ್ನೊಂದು ಫೋನಿನೊಳಗಿದೆ. ಅಲ್ಲಿ ಬೆಂಗಳೂರಿನವರೋ ಪುಣೆಯವರೋ ಚಿತ್ರ ನೋಡಿ ಹಣ ಕಳಿಸುತ್ತಾರೆ, ಪಾರ್ಸೆಲ್ ಬಂದ ಮೇಲೆ ಸೀರೆ ಬಿಚ್ಚುತ್ತಾರೆ. ‘ಫೋಟೊದಲ್ಲಿ ಕಂಡ ಬಣ್ಣ ಇದಲ್ಲ’ ಎಂಬ ದೂರು ಬರುವುದು ಈ ಎರಡನೆಯ ಅಂಗಡಿಯಿಂದ. ಸೀರೆ ವಾಪಸು ಬಂದರೆ ಸಾಗಣೆಯ ಖರ್ಚು ನೇಕಾರರ ತಲೆಗೆ ಬೀಳುತ್ತದೆ. ದಿನಗಟ್ಟಲೆ ಮಗ್ಗದಲ್ಲಿ ಕೂತು ನೇಯ್ದ ಬಟ್ಟೆಗೆ ಮೋಸದ ಹೆಸರೂ ಅಂಟಿಕೊಳ್ಳುತ್ತದೆ. ಎಷ್ಟೋ ಸಲ ನೂಲಿನ ಬಣ್ಣದಲ್ಲಿ ತಪ್ಪಿರುವುದಿಲ್ಲ, ನೇಯ್ಗೆಯಲ್ಲೂ ಇರುವುದಿಲ್ಲ. ಆ ಚಿತ್ರವನ್ನು ತಿದ್ದಿದ ಕಂಪ್ಯೂಟರಿನ ಮಾನಿಟರ್ ಹಳದಿಗೆ ತಿರುಗಿರುತ್ತದೆ, ಅದನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಇದು ಆಗುವ ಬಗೆ ಸರಳ. ಮಾನಿಟರ್ ಹಳದಿಯಾಗಿದ್ದರೆ ಅದರ ಮುಂದೆ ಕುಳಿತವರಿಗೆ ಸೀರೆಯ ಚಿತ್ರವೂ ಹಳದಿಯಾಗಿ ಕಾಣುತ್ತದೆ. ಕೈಯಲ್ಲಿರುವ ಸೀರೆಗೆ ಹೊಂದಿಸಲೆಂದು ಅವರು ಚಿತ್ರಕ್ಕೆ ಒಂದಿಷ್ಟು ನೀಲಿ ಬೆರೆಸುತ್ತಾರೆ. ಅವರ ಪರದೆಯಲ್ಲಿ ಈಗ ಎಲ್ಲವೂ ಸರಿ. ಆದರೆ ಹೊರಗೆ ಹೋದ ಕಡತದಲ್ಲಿ ಆ ಹೆಚ್ಚುವರಿ ನೀಲಿ ಉಳಿದುಬಿಡುತ್ತದೆ. ಕುಂಕುಮ ಕೆಂಪಿನ ಒಡಲು ಕೊಳ್ಳುವವರ ಫೋನಿನಲ್ಲಿ ರಾಣಿ ಬಣ್ಣದತ್ತ ಜಾರುತ್ತದೆ, ಗಿಳಿಹಸಿರು ತನ್ನ ಹಳದಿಯ ಹೊಳಪು ಕಳೆದುಕೊಂಡು ತಣ್ಣಗಾಗುತ್ತದೆ.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಅದು ಸೀರೆಯ ಹೆಸರನ್ನು ಕಾಯುತ್ತದೆ. ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆ ಅಪ್ಪಟವೆಂದು ಹೇಳುತ್ತದೆ. ದೂರದ ಗಿರಾಕಿಗೆ ತೋರಿಸಿದ ಬಣ್ಣ ನಿಜವೇ ಎಂಬುದಕ್ಕೆ ಈ ಎರಡರಲ್ಲೂ ಉತ್ತರವಿಲ್ಲ. ಆ ಹೊಣೆ ಈಗ ಮೇಜಿನ ಮೇಲಿನ ಒಂದು ಪರದೆಯದು. ಬುಟ್ಟಾ ಮತ್ತು ಅಂಚಿನ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ಬಿಡಿಸಿ ಜಕಾರ್ಡ್‌ಗೆ ಕಾರ್ಡ್ ಮಾಡಿಸುವ ಕಾಲದಲ್ಲಿ ಮಾನಿಟರ್ ಕೂಡ ನೇಯ್ಗೆಯ ಸಲಕರಣೆ. ಲಾಳಿ ಕೊಳ್ಳುವಾಗ ತೋರುವ ಎಚ್ಚರವನ್ನು ಇದನ್ನು ಕೊಳ್ಳುವಾಗಲೂ, ಕೆಟ್ಟದ್ದು ಬಂದರೆ ಬದಲಿಸಿಕೊಳ್ಳುವಾಗಲೂ ತೋರಬೇಕು ಎನ್ನುವುದು ನನ್ನ ಮಾತು.

ಮೊದಲು ಪರದೆ ಬಣ್ಣ ಮಾಡುವ ಬಗೆ ತಿಳಿದಿರಲಿ. ಫುಲ್ ಎಚ್‌ಡಿ ಎಂದು ಮಾರುವ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು 20,73,600. ಇವು ಪಿಕ್ಸೆಲ್‌ಗಳು. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿಯ ಮೂರು ಕಿಂಡಿಗಳು. ಹಿಂದಿನಿಂದ ಬಿಳಿ ಎಲ್‌ಇಡಿ ಬೆಳಕು, ಮುಂದೆ ದ್ರವಸ್ಫಟಿಕದ ಪದರ. ಕಿಂಡಿ ಎಷ್ಟು ತೆರೆಯಬೇಕೆಂದು ಕಂಪ್ಯೂಟರ್ 0ಯಿಂದ 255ರವರೆಗಿನ ಅಂಕಿಯಲ್ಲಿ ಹೇಳುತ್ತದೆ. ಮೂರೂ ಅಂಕಿಗಳ ಜೋಡಣೆಯಿಂದ 1,67,77,216 ಬಣ್ಣಗಳು ಹುಟ್ಟುತ್ತವೆ. ಡಬ್ಬದ ಮೇಲೆ ಈ ದೊಡ್ಡ ಸಂಖ್ಯೆ ಅಚ್ಚಾಗಿರುತ್ತದೆ, ಆದರೆ ಅದರಿಂದ ಬಣ್ಣ ನಿಜವೆಂದು ತಿಳಿಯುವುದಿಲ್ಲ. ಅದೇ ‘200, 30, 40’ ಎಂಬ ಅಂಕಿ ಒಂದು ಮಾನಿಟರಿನಲ್ಲಿ ಕುಂಕುಮವಾಗಿ, ಪಕ್ಕದ್ದರಲ್ಲಿ ಇಟ್ಟಿಗೆಯಾಗಿ ಕಾಣಬಹುದು. ಎಲ್ಲರ ಅಂಕಿಗೂ ಒಂದೇ ಅರ್ಥ ಇರಲೆಂದು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ 1996ರಲ್ಲಿ ಎಸ್‌ಆರ್‌ಜಿಬಿ ಎಂಬ ಒಪ್ಪಂದವನ್ನು ಮುಂದಿಟ್ಟವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಇಂದಿಗೂ ಅಂತರ್ಜಾಲದ ಚಿತ್ರಗಳ ನಡುವಿನ ಸಾಮಾನ್ಯ ಭಾಷೆ ಅದೇ.

ಆ ಒಪ್ಪಂದಕ್ಕೆ ಒಂದು ಬೇಲಿಯಿದೆ. ಕಣ್ಣು ಕಾಣಬಲ್ಲ ಬಣ್ಣಗಳ ನಕ್ಷೆಯಲ್ಲಿ ಎಸ್‌ಆರ್‌ಜಿಬಿ ಹಿಡಿಯುವುದು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಅದು ಎಲ್ಲಕ್ಕಿಂತ ಹೆಚ್ಚು ಸೋಲುವುದು ಹಸಿರು ಮತ್ತು ನೀಲಿಯ ನಡುವೆ. ನವಿಲಿನ ಕತ್ತಿನ ಬಣ್ಣ, ಸೀರೆ ಅಂಗಡಿಗಳಲ್ಲಿ ‘ರಾಮಾ ಗ್ರೀನ್’ ಎಂದು ಕರೆಯುವ ಗಾಢ ಹಸಿರುನೀಲಿ, ಇವು ಚೆನ್ನಾಗಿ ಬಣ್ಣ ಹಿಡಿದ ರೇಷ್ಮೆಯಲ್ಲಿ ಬೇಲಿಯ ಆಚೆಗೆ ಹೋಗಬಲ್ಲವು. ಆಗ ಕ್ಯಾಮೆರಾ ಅದನ್ನು ಬೇಲಿಯ ಅಂಚಿಗೆ ಎಳೆದು ತರುತ್ತದೆ, ಬಣ್ಣ ಮಂಕಾಗುತ್ತದೆ ಅಥವಾ ನೀಲಿಗೆ ವಾಲುತ್ತದೆ. ಎಷ್ಟೇ ದುಬಾರಿಯ ಮಾನಿಟರ್ ತಂದರೂ ಎಸ್‌ಆರ್‌ಜಿಬಿ ಚಿತ್ರದೊಳಗೆ ಆ ಬಣ್ಣವನ್ನು ಮರಳಿ ತರಲಾಗದು. ಇದು ಮಾನಿಟರಿನ ದೋಷವಲ್ಲವಾದ್ದರಿಂದ ಈ ಕಾರಣಕ್ಕೆ ವಾರಂಟಿ ಕೇಳಿ ಫಲವಿಲ್ಲ.

ರೇಷ್ಮೆಯೂ ಪರದೆಗೆ ಸುಲಭವಾಗಿ ದಕ್ಕುವ ವಸ್ತುವಲ್ಲ. ಹುಳು ನೂತ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಗಿಲ್ಲ, ಮೂಲೆ ಉಜ್ಜಿದ ತ್ರಿಕೋನದ ಹಾಗಿದೆ. ಅದರ ಚಪ್ಪಟೆ ಮೈಗಳು ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದಲೇ ಆ ಹೊಳಪು. ಹಾಸು ನೂಲಿಗೆ ಒಂದು ಬಣ್ಣ, ಹೊಕ್ಕು ನೂಲಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದರೆ ಸೀರೆ ತಿರುಗಿದಂತೆಲ್ಲ ಒಮ್ಮೆ ಇದು, ಒಮ್ಮೆ ಅದು ಮೇಲೇಳುತ್ತದೆ. ಉಟ್ಟವರು ನಡೆದಾಗ ನೆರಿಗೆಯಲ್ಲಿ ಎರಡೂ ಬಣ್ಣ ಆಡುತ್ತವೆ. ನಿಂತ ಚಿತ್ರ ಆ ಆಟದ ಒಂದು ಕ್ಷಣವನ್ನಷ್ಟೇ ಹಿಡಿಯುತ್ತದೆ. ಜರಿಯ ವಿಷಯವೂ ಹೀಗೆಯೇ. ಪರದೆಯಲ್ಲಿ ಜರಿ ಎಂಬುದಿಲ್ಲ, ಹಳದಿ ಮತ್ತು ಕಂದು ಮಾತ್ರ ಇವೆ.

ಬೆಳಕಿನ ಮಾತನ್ನೂ ಇಲ್ಲೇ ಹೇಳಬೇಕು. ಎರಡು ಲಡಿ ನೂಲು ಅಂಗಡಿಯ ಎಲ್‌ಇಡಿ ದೀಪದಡಿ ಒಂದೇ ಬಣ್ಣವಾಗಿ ಕಂಡು, ಅಂಗಳಕ್ಕೆ ತಂದ ಕೂಡಲೇ ಬೇರೆಯಾಗುವುದನ್ನು ನೇಕಾರರು ಬಲ್ಲರು. ಬೇರೆ ಬೇರೆ ಬಣ್ಣದ ಪುಡಿಗಳಿಂದ ಬಂದ ಎರಡು ಕೆಂಪುಗಳು ಒಂದು ಬಗೆಯ ಬೆಳಕಿನಲ್ಲಿ ಕಣ್ಣಿಗೆ ಸಮನಾಗಿ ಕಂಡರೂ ಇನ್ನೊಂದು ಬೆಳಕಿನಲ್ಲಿ ಹಾಗೆ ಕಾಣಬೇಕಿಲ್ಲ. ಬಣ್ಣವು ವಸ್ತು, ಬೆಳಕು, ಕಣ್ಣು ಮೂರೂ ಸೇರಿ ಮಾಡುವ ಕೆಲಸ. ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ. ವಿ. ರಾಮನ್ ತಮ್ಮ ಇಳಿವಯಸ್ಸಿನ ವರ್ಷಗಳನ್ನು ಹೂಗಳ ಬಣ್ಣ ಮತ್ತು ಕಣ್ಣು ಬಣ್ಣವನ್ನು ಗ್ರಹಿಸುವ ಬಗೆಯ ಅಧ್ಯಯನಕ್ಕೆ ಕೊಟ್ಟರು. ನೋಟದ ಶರೀರಶಾಸ್ತ್ರದ ಬಗೆಗಿನ ಅವರ ಪುಸ್ತಕ 1968ರಲ್ಲಿ ಹೊರಬಂತು. ನೊಬೆಲ್ ಪಡೆದ ವಿಜ್ಞಾನಿಗೆ ಕೊನೆಗಾಲದವರೆಗೂ ಕೆಲಸ ಕೊಟ್ಟ ಪ್ರಶ್ನೆಯಿದು. ಸೀರೆಯ ಫೋಟೊ ಸರಿಬರಲಿಲ್ಲವೆಂದು ನೊಂದುಕೊಳ್ಳುವ ನೇಕಾರರ ಮಗನೋ ಮಗಳೋ ತಮಗೇನೂ ತಿಳಿಯದೆಂದು ಹಿಂಜರಿಯಬೇಕಾದ್ದಿಲ್ಲ.

ಬಣ್ಣವನ್ನು ಪರದೆಯಿಲ್ಲದೆ ಗುರುತಿಸುವ ಹಳೆಯ ದಾರಿಯೊಂದನ್ನು ಬ್ರಹ್ಮಗಿರಿಯೇ ನೆನಪಿಸುತ್ತದೆ. ಆ ಬೆಟ್ಟದ ಬುಡದ ನೆಲವನ್ನು 1940ರ ದಶಕದ ಆರಂಭದಲ್ಲಿ ಪುರಾತತ್ವಜ್ಞರಾದ ಮೈಸೂರಿನ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಬೃಹತ್ ಶಿಲಾಯುಗದ ಪದರದಲ್ಲಿ ಸಿಕ್ಕ ಕಪ್ಪು ಕೆಂಪು ಮಡಕೆಗಳು ಪುರಾತತ್ವ ಓದಿದವರಿಗೆಲ್ಲ ಪರಿಚಿತ. ಇಂಥ ಚೂರುಗಳ ಮತ್ತು ಮಣ್ಣಿನ ಬಣ್ಣವನ್ನು ಬರೆದಿಡಲು ಪುರಾತತ್ವಜ್ಞರು ಇಂದಿಗೂ ಬಳಸುವುದು ಮನ್ಸೆಲ್ ಪುಸ್ತಕವನ್ನು. ಅದರಲ್ಲಿ ಬಣ್ಣದ ಚೀಟಿಗಳನ್ನು ಅಂಟಿಸಿ ಒಂದೊಂದಕ್ಕೂ ಸಂಕೇತ ಕೊಟ್ಟಿರುತ್ತಾರೆ. ಅಮೆರಿಕದ ಚಿತ್ರಕಲಾವಿದ ಆಲ್ಬರ್ಟ್ ಮನ್ಸೆಲ್ ಈ ಪದ್ಧತಿಯನ್ನು 1905ರಲ್ಲಿ ಪ್ರಕಟಿಸಿದ. ಚೂರನ್ನು ಚೀಟಿಯ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ಹೊಂದುವುದನ್ನು ಗುರುತಿಸಿ ಬರೆಯುತ್ತಾರೆ. ಕಂಪ್ಯೂಟರ್ ಬಂದು ಇಷ್ಟು ಕಾಲವಾದರೂ ಆ ಚೀಟಿ ಪುಸ್ತಕ ಮೂಲೆ ಸೇರಿಲ್ಲ, ಏಕೆಂದರೆ ಅದರ ಬಣ್ಣ ವಿದ್ಯುತ್ತಿನ ಮೇಲೂ ಮಾನಿಟರಿನ ಮೇಲೂ ನಿಂತಿಲ್ಲ. ಹಾಗೆಯೇ ನೂಲಿನ ಎಳೆಗಳನ್ನು ಸುತ್ತಿ ಸಂಖ್ಯೆ ಬರೆದಿಟ್ಟ ಬಣ್ಣದ ಕಾರ್ಡ್ ಪ್ರತಿ ನೇಕಾರರ ಮನೆಯಲ್ಲೂ ಇರಬೇಕು. ಪರದೆ ಸರಿಯಿದೆಯೇ ಎಂದು ನೋಡಲು ಆ ಕಾರ್ಡನ್ನು ಅದರ ಪಕ್ಕಕ್ಕೆ ಹಿಡಿಯಬೇಕು. ಪರದೆ ನೋಡಿ ನೂಲನ್ನು ಅನುಮಾನಿಸುವುದು ತಲೆಕೆಳಗಾದ ಕ್ರಮ.

ಈಗ ದೋಷಗಳಿಗೆ ಬರೋಣ. ಹೊಸ ಮಾನಿಟರ್ ಬಂದ ದಿನ ಡಬ್ಬ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ, ಸೀರಿಯಲ್ ನಂಬರ್ ಅದರಲ್ಲಿ ಕಾಣುವಂತಿರಲಿ. ಅರ್ಧ ಗಂಟೆ ಉರಿಯಲು ಬಿಡಿ, ಹಿಂಬದಿಯ ಬೆಳಕು ಸ್ಥಿರವಾಗಲು ಅಷ್ಟು ಹೊತ್ತು ಬೇಕು. ಆಮೇಲೆ ಪರದೆ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ, ಬೂದು ಬಣ್ಣಗಳನ್ನು ಒಂದಾದ ಮೇಲೊಂದರಂತೆ ತುಂಬಿಸಿ ನೋಡಿ. ಕಪ್ಪಿನ ಮೇಲೆ ಸದಾ ಹೊಳೆಯುವ ಚುಕ್ಕೆ, ಬಿಳಿಯ ಮೇಲೆ ಸದಾ ಕಪ್ಪಾಗಿರುವ ಚುಕ್ಕೆ ಇದ್ದರೆ ಅವು ಕೆಟ್ಟ ಪಿಕ್ಸೆಲ್‌ಗಳು. ಕತ್ತಲ ಕೋಣೆಯಲ್ಲಿ ಕಪ್ಪು ಪರದೆಯ ಮೂಲೆಗಳಿಂದ ಬೆಳಕು ಸೋರುವುದನ್ನು ಬರಿಗಣ್ಣಿನಿಂದ ನೋಡಬೇಕು. ಫೋನಿನ ಕ್ಯಾಮೆರಾ ಕತ್ತಲಲ್ಲಿ ಬೆಳಕನ್ನು ಹೆಚ್ಚಿಸಿಕೊಳ್ಳುವುದರಿಂದ ಸಣ್ಣ ಸೋರಿಕೆಯೂ ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ, ಸರ್ವಿಸ್ ಸೆಂಟರಿನವರಿಗೂ ಇದು ಗೊತ್ತಿರುವ ಸಂಗತಿ.

ಬಣ್ಣದ ಕೆಲಸಕ್ಕೆ ಇವೆಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಬೂದು ಬಣ್ಣದ್ದು. ಪರದೆ ತುಂಬ ತಿಳಿ ಬೂದು ತುಂಬಿಸಿದಾಗ ಎಡಗಡೆ ತುಸು ಗುಲಾಬಿ, ಬಲಗಡೆ ತುಸು ಹಸಿರು ಅಥವಾ ಕೆಳಗೆ ಹಳದಿ ಕಂಡರೆ ಆ ಮಾನಿಟರ್ ಸೀರೆಯ ಕೆಲಸಕ್ಕೆ ಆಗದು. ಸೀರೆಯಂಚಿನ ಚಿತ್ರವನ್ನು ಎಡಕ್ಕಿಟ್ಟಾಗ ಒಂದು ಬಣ್ಣ, ಬಲಕ್ಕೆ ಎಳೆದಾಗ ಇನ್ನೊಂದು ಬಣ್ಣವಾಗುತ್ತದೆ. ಕೆಟ್ಟ ಪಿಕ್ಸೆಲ್ ಕಂಡು ಗಾಬರಿಯಾಗುವವರು ಈ ಹರಡಿಕೊಂಡ ಕಲೆಯನ್ನು ಗಮನಿಸದೆ ಬಿಡುತ್ತಾರೆ. ನನ್ನ ತೀರ್ಮಾನ ಅದಕ್ಕೆ ವಿರುದ್ಧ. ಇಪ್ಪತ್ತು ಲಕ್ಷ ಚುಕ್ಕೆಗಳಲ್ಲಿ ಮೂಲೆಯ ಒಂದು ಕಪ್ಪು ಚುಕ್ಕೆಯೊಂದಿಗೆ ಬುಟ್ಟಾ ಬಿಡಿಸಬಹುದು, ಅರ್ಧ ಪರದೆ ಹಳದಿಯಾಗಿರುವ ಮಾನಿಟರಿನಲ್ಲಿ ಬಣ್ಣ ಆರಿಸಲಾಗದು.

ನೋಡುವ ಕೋನ ಇನ್ನೊಂದು ವಿಷಯ, ಅದು ಪ್ಯಾನೆಲ್ ಎಂದರೆ ಪರದೆಯ ಹಲಗೆ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಅಗ್ಗದ ಟಿಎನ್ ಪ್ಯಾನೆಲಿನಲ್ಲಿ ಕುಳಿತವರಿಗೆ ಕಂಡ ಬಣ್ಣ ಹಿಂದೆ ನಿಂತವರಿಗೆ ಕಾಣುವುದಿಲ್ಲ. ವಿನ್ಯಾಸ ಮಾಡುವವರು ಕುರ್ಚಿಯಲ್ಲಿ, ನೇಯುವವರು ಅವರ ಹೆಗಲ ಹಿಂದೆ ನಿಂತು ‘ಈ ಹಸಿರು ಇರಲಿ’ ಎಂದು ಒಪ್ಪಿದಾಗ ಇಬ್ಬರೂ ಒಪ್ಪಿದ್ದು ಎರಡು ಬೇರೆ ಹಸಿರುಗಳನ್ನು. ವಿಎ ಪ್ಯಾನೆಲಿನಲ್ಲಿ ಕಪ್ಪು ಚೆನ್ನ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಐಪಿಎಸ್ ಪ್ಯಾನೆಲ್ ಈ ಕೆಲಸಕ್ಕೆ ಹೊಂದುತ್ತದೆ. ಒಎಲ್‌ಇಡಿ ಬಣ್ಣದಲ್ಲಿ ಸೊಗಸು, ಆದರೆ ದಿನವಿಡೀ ಒಂದೇ ಜಾಗದಲ್ಲಿ ನಿಲ್ಲುವ ಮೆನು ಪಟ್ಟಿ ಅಚ್ಚೊತ್ತಿಕೊಳ್ಳುವ ಅಪಾಯವಿರುವುದರಿಂದ ವಿನ್ಯಾಸದ ಮೇಜಿಗೆ ನಾನು ಅದನ್ನು ಹೇಳಲಾರೆ.

ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಸೆಟ್ಟಿಂಗ್ ನೋಡಿ. ರಾತ್ರಿ ಕಣ್ಣಿಗೆ ಹಿತವಾಗಲೆಂದು ವಿಂಡೋಸ್ ಕೊಡುವ ‘ನೈಟ್ ಲೈಟ್’ ಆನ್ ಆಗಿದ್ದರೆ ಪರದೆ ಹಳದಿಯೇ. ಮಾನಿಟರಿನ ಮೆನುವಿನಲ್ಲಿ ‘ವಿವಿಡ್’, ‘ಗೇಮ್’, ‘ಡೈನಮಿಕ್ ಕಾಂಟ್ರಾಸ್ಟ್’ ಇದ್ದರೆ ತೆಗೆದು ‘ಎಸ್‌ಆರ್‌ಜಿಬಿ’ಗೆ ಹಾಕಿ, ಅದಿಲ್ಲದಿದ್ದರೆ ಬಣ್ಣದ ತಾಪಮಾನವನ್ನು 6500 ಕೆಲ್ವಿನ್‌ಗೆ ಇಡಿ. ಕಪ್ಪು ಬೂದಿಯಂತೆ ತೊಳೆದುಹೋಗಿ ಕಂಡರೆ ಎಚ್‌ಡಿಎಂಐ ಮೂಲಕ ಟಿವಿಗಾಗಿ ಮಾಡಿದ ‘ಲಿಮಿಟೆಡ್’ ವ್ಯಾಪ್ತಿಯಲ್ಲಿ ಚಿತ್ರ ಹೋಗುತ್ತಿರಬಹುದು. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಅದನ್ನು ‘ಫುಲ್’ ಮಾಡಿದರೆ ಸರಿಹೋಗುತ್ತದೆ. ಹಳೆಯ ನೀಲಿ ತಲೆಯ ವಿಜಿಎ ಕೇಬಲ್ ಇದ್ದರೆ ಬದಲಿಸಿ. ಮಾನಿಟರನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಇಷ್ಟಾದ ಮೇಲೂ ದೋಷ ಉಳಿದರೆ ಅದು ಪ್ಯಾನೆಲಿನದು, ಆಗ ಧೈರ್ಯವಾಗಿ ಬದಲಿ ಕೇಳಿ.

ಬದಲಿ ಕೇಳುವಾಗ ಎರಡು ಗಡುವುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಮಾರಿದವರ ವಾಪಸಾತಿಯ ಗಡುವು ಕೆಲವೇ ದಿನದ್ದು, ತಯಾರಕರ ವಾರಂಟಿ ವರ್ಷಗಳದ್ದು. ಮೊದಲನೆಯದರಲ್ಲಿ ಸಿಗುವುದು ಸಾಮಾನ್ಯವಾಗಿ ಹೊಸ ಮಾನಿಟರ್ ಅಥವಾ ಹಣ. ಎರಡನೆಯದರಲ್ಲಿ ರಿಪೇರಿ ಅಥವಾ ರಿಪೇರಿಯಾಗಿ ಬಂದ ಇನ್ನೊಂದು ಮಾನಿಟರ್ ಸಿಗಬಹುದು. ಆದ್ದರಿಂದ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಡಬ್ಬ ಬಂದ ವಾರದಲ್ಲೇ ಮುಗಿಯಬೇಕು. ಹಬ್ಬಕ್ಕೆ ತಂದು, ಮದುವೆ ಕಾಲದ ಕೆಲಸ ಮುಗಿಯಲಿ ಎಂದು ಮೂಲೆಯಲ್ಲಿಟ್ಟರೆ ಒಳ್ಳೆಯ ಗಡುವು ಕೈತಪ್ಪಿತು. ಡಬ್ಬ ಮತ್ತು ಒಳಗಿನ ಥರ್ಮಕೋಲನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ. ಮೊಳಕಾಲ್ಮೂರಿನವರು ಸರ್ವಿಸ್ ಸೆಂಟರ್ ಹುಡುಕಿಕೊಂಡು ಬಳ್ಳಾರಿಗೋ ಚಿತ್ರದುರ್ಗಕ್ಕೋ ಬಸ್ಸಿನಲ್ಲಿ ಹೋಗಬೇಕಾದೀತು, ದಾರಿಯಲ್ಲಿ ಗಾಜು ಬಿರುಕುಬಿಟ್ಟರೆ ಆ ನಷ್ಟ ನಿಮ್ಮದಾಗುತ್ತದೆ. ಕೊಳ್ಳುವಾಗಲೇ ಮನೆಗೇ ಬಂದು ಸರಿಪಡಿಸುವ ‘ಆನ್‌ಸೈಟ್’ ವಾರಂಟಿ ನಮ್ಮ ಪಿನ್‌ಕೋಡಿಗೆ ಇದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಜಾಣತನ.

ಕೆಟ್ಟ ಪಿಕ್ಸೆಲ್ ವಿಷಯದಲ್ಲಿ ಹೆಚ್ಚಿನವರಿಗೆ ಸಿಟ್ಟು ತರಿಸುವ ಉತ್ತರ ‘ಇಷ್ಟು ಇರಬಹುದು’ ಎಂಬುದು. ಅದಕ್ಕೊಂದು ಹಿನ್ನೆಲೆಯಿದೆ. 2001ರಲ್ಲಿ ಬಂದ ಐಎಸ್‌ಒ 13406-2 ಮಾನದಂಡ ಪರದೆಗಳನ್ನು ನಾಲ್ಕು ವರ್ಗ ಮಾಡಿತು. ಮೊದಲ ವರ್ಗದಲ್ಲಿ ಒಂದು ದೋಷವೂ ಸಲ್ಲದು. ಎರಡನೆಯ ವರ್ಗದಲ್ಲಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಹೊಳೆಯುವವು 2, ಸದಾ ಕಪ್ಪಾಗಿರುವವು 2, ಒಂದೇ ಬಣ್ಣದ ಕಿಂಡಿ ಕೆಟ್ಟವು 5 ಇರಬಹುದು. ಫುಲ್ ಎಚ್‌ಡಿ ಲೆಕ್ಕದಲ್ಲಿ ಇದು ದುಪ್ಪಟ್ಟಾಯಿತು. 2008ರಲ್ಲಿ ಇದರ ಜಾಗಕ್ಕೆ ಐಎಸ್‌ಒ 9241 ಸರಣಿ ಬಂತಾದರೂ ವರ್ಗದ ಆಲೋಚನೆ ಉಳಿಯಿತು. ಯಾವ ವರ್ಗವನ್ನು ಪಾಲಿಸುತ್ತೇವೆಂದು ಹೇಳುವ ಸ್ವಾತಂತ್ರ್ಯ ಕಂಪನಿಯದು. ಕೆಲವರು ಹೊಳೆಯುವ ಚುಕ್ಕೆ ಒಂದಿದ್ದರೂ ಬದಲಿಸುತ್ತಾರೆ, ಕೆಲವರು ಐದಾರಾಗುವವರೆಗೆ ಒಪ್ಪುವುದಿಲ್ಲ. ಕೊಳ್ಳುವ ಮುನ್ನ ಆ ಕಂಪನಿಯ ಪಿಕ್ಸೆಲ್ ನೀತಿಯನ್ನು ಓದಿ, ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಜಾಹೀರಾತಿನ ಸ್ಕ್ರೀನ್‌ಶಾಟ್ ಇನ್ನೂ ದೊಡ್ಡ ಆಸರೆ. ‘99 ಪ್ರತಿಶತ ಎಸ್‌ಆರ್‌ಜಿಬಿ, ಡೆಲ್ಟಾ ಇ 2ಕ್ಕಿಂತ ಕಡಿಮೆ’ ಎಂದು ಬರೆದು ಮಾರುತ್ತಾರಲ್ಲ, ಇಲ್ಲಿ ಡೆಲ್ಟಾ ಇ ಎಂದರೆ ಇರಬೇಕಾದ ಬಣ್ಣಕ್ಕೂ ಕಂಡ ಬಣ್ಣಕ್ಕೂ ಇರುವ ಅಂತರದ ಅಳತೆ. ಸುಮಾರು 1 ಇದ್ದರೆ ಪಳಗಿದ ಕಣ್ಣು ಪಕ್ಕಪಕ್ಕ ಇಟ್ಟು ಗುರುತಿಸೀತು, 5 ಇದ್ದರೆ ಯಾರಿಗಾದರೂ ಕಾಣುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೋಷವೆಂದರೆ ಕಾನೂನಿನಲ್ಲಿ ಅಥವಾ ಒಪ್ಪಂದದಲ್ಲಿ ಇರಬೇಕಾದ ಗುಣಮಟ್ಟದ ಕೊರತೆ ಮಾತ್ರವಲ್ಲ, ಮಾರುವವರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟದ ಕೊರತೆಯೂ ಹೌದು. ಹಾಗಾಗಿ ಡಬ್ಬದ ಮೇಲಿನ ಆ ಅಂಕಿ ಬರೀ ಅಲಂಕಾರವಲ್ಲ, ಅವರು ಕೊಟ್ಟ ಮಾತು.

ನೇಕಾರರಿಗೆ ಹೆಚ್ಚಾಗಿ ಹೇಳುವ ಒಂದು ಮಾತಿದೆ: ‘ನೀವು ವ್ಯಾಪಾರಕ್ಕೆ ಕೊಂಡಿದ್ದೀರಿ, ಗ್ರಾಹಕರಲ್ಲ.’ ಇದನ್ನು ಕೇಳಿ ಸುಮ್ಮನಾಗಬೇಡಿ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ, ನಿಜ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲಿಕ್ಕಾಗಿಯೇ ಕೊಂಡು ತಾವೇ ಬಳಸುವವರನ್ನು ಅದು ಗ್ರಾಹಕರೆಂದೇ ಎಣಿಸುತ್ತದೆ. ಮನೆಯ ಮಗ್ಗಕ್ಕೆ ವಿನ್ಯಾಸ ಮಾಡಲು ಕೊಂಡ ಮಾನಿಟರಿಗೆ ಈ ವಿವರಣೆ ಹೊಂದುತ್ತದೆ.

ದಾರಿ ಹೀಗಿದೆ. ಮೊದಲು ಮಾರಿದವರಿಗೆ ಮತ್ತು ಕಂಪನಿಗೆ ಇಮೇಲ್ ಬರೆಯಿರಿ, ಫೋನಿನ ಮಾತಿಗೆ ಸಾಕ್ಷಿಯಿಲ್ಲ. ಆನ್‌ಲೈನ್ ತಾಣದಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮದಂತೆ ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬಹಳಷ್ಟು ತಕರಾರು ಇಲ್ಲಿಯೇ ತೀರುತ್ತದೆ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಗುರುಗ್ರಾಮದಲ್ಲಿರಲಿ ಚೆನ್ನೈಯಲ್ಲಿರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಅತಿ ದೊಡ್ಡ ಉಪಕಾರ ಇದು ಎನ್ನುವೆ, ಏಕೆಂದರೆ ಮೊಳಕಾಲ್ಮೂರಿನವರೋ ಪಕ್ಕದ ಚಳ್ಳಕೆರೆಯವರೋ ಚಿತ್ರದುರ್ಗಕ್ಕೆ ಹೋದರೆ ಸಾಕು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ದೂರನ್ನು ಆನ್‌ಲೈನಿನಲ್ಲೂ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ದೋಷ ಪರೀಕ್ಷೆಯಿಂದಲೇ ಗೊತ್ತಾಗಬೇಕಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಕಾಯ್ದೆ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಬರಲಿ ಎನ್ನುತ್ತದೆ, ಹೆಚ್ಚು ಹಿಡಿದರೂ ಆಶ್ಚರ್ಯವಿಲ್ಲ. ದೋಷ ಸಾಬೀತಾದರೆ ದೋಷ ಸರಿಪಡಿಸಲು, ದೋಷವಿಲ್ಲದ ಹೊಸ ವಸ್ತು ಕೊಡಲು, ಹಣ ಮರಳಿಸಲು, ಪರಿಹಾರ ಕೊಡಲು ಆಯೋಗ ಆದೇಶಿಸಬಹುದು.

ಬದಲಿ ಮಾನಿಟರ್ ಬಂದ ದಿನ ಕೆಲಸ ಮುಗಿಯುವುದಿಲ್ಲ. ಅದು ಅದೇ ಮಾದರಿಯದ್ದಾದರೂ ಬೇರೆ ಪ್ಯಾನೆಲ್, ಬೇರೆ ಕಂತಿನ ಎಲ್‌ಇಡಿ. ಹಳೆಯದನ್ನು ಅಳೆದು ಅದರ ಬಣ್ಣ ತಿದ್ದಲು ಮಾಡಿದ ಕಡತವನ್ನು ಇದಕ್ಕೆ ಹಾಕಿದರೆ ಬಣ್ಣ ಕೆಡುತ್ತದೆ. ಮತ್ತೆ ಬೂದು ಪರೀಕ್ಷೆ, ಮತ್ತೆ ಹೊಂದಾಣಿಕೆ ಮಾಡಬೇಕು. ಸೀರಿಯಲ್ ನಂಬರ್ ವಾರಂಟಿ ದಾಖಲೆಯಲ್ಲಿ ಬದಲಾಗಿದೆಯೇ ನೋಡಿ, ಉಳಿದ ವಾರಂಟಿ ಅವಧಿ ಎಷ್ಟೆಂದು ಬರಹದಲ್ಲಿ ಕೇಳಿ. ವೋಲ್ಟೇಜ್ ಏರಿಳಿತದಿಂದ ಸುಟ್ಟರೆ ವಾರಂಟಿ ಸಿಗುವುದು ಕಷ್ಟ. ಆದ್ದರಿಂದ ಸರಿಯಾದ ಅರ್ತಿಂಗ್ ಮತ್ತು ಯುಪಿಎಸ್ ಇರಲಿ. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಈ ತಾಲ್ಲೂಕುಗಳ ಧೂಳಿಗೆ ಪರದೆಯ ಹಿಂಬದಿಯ ಕಿಂಡಿಗಳನ್ನು ಒಣ ಬ್ರಷ್‌ನಿಂದ ಆಗಾಗ ಒರೆಸಬೇಕು.

ಬಣ್ಣ ಹೊಂದಿಸುವ ಕೆಲಸಕ್ಕೆ ಕ್ಯಾಲಿಬ್ರೇಟರ್ ಎಂಬ ಅಂಗೈಯಗಲದ ಸಲಕರಣೆ ಇದೆ. ಡೇಟಾಕಲರ್‌ನ ಸ್ಪೈಡರ್, ಕ್ಯಾಲಿಬ್ರೈಟ್ ಮುಂತಾದವು. ಪರದೆಯ ಮೇಲೆ ಇಟ್ಟರೆ ಅದು ಒಂದೊಂದೇ ಬಣ್ಣವನ್ನು ಅಳೆದು, ಎಷ್ಟು ತಪ್ಪಿದೆಯೆಂದು ಲೆಕ್ಕಹಾಕಿ, ತಿದ್ದುವ ಐಸಿಸಿ ಕಡತ ಬರೆಯುತ್ತದೆ. ಹಿಂಬೆಳಕು ಕಾಲಕ್ರಮೇಣ ಮಂಕಾಗಿ ಬಣ್ಣ ಸರಿಯುವುದರಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಅಳೆಯಬೇಕು. ಒಂದು ಮನೆಗೆ ಇದು ದುಬಾರಿ, ಒಂದು ಸಹಕಾರ ಸಂಘಕ್ಕೆ ಅಲ್ಲ. ಒಂದೇ ಸಲಕರಣೆ ಊರಿನ ಎಲ್ಲ ಮಾನಿಟರುಗಳಿಗೆ ಸುತ್ತು ಹೊಡೆಯಬಹುದು. ಕೈಮಗ್ಗ ಇಲಾಖೆ ಮಗ್ಗಕ್ಕೆ, ಜಕಾರ್ಡ್‌ಗೆ ನೆರವು ಕೊಡುವ ಹಾಗೆಯೇ ಇದಕ್ಕೂ ಕೊಡಬೇಕು. ಬೆಂಗಳೂರಿನ ನೇಕಾರರ ಸೇವಾ ಕೇಂದ್ರ ಬಣ್ಣ ಹಾಕುವ ತರಬೇತಿಯ ಜೊತೆ ಬಣ್ಣ ತೋರಿಸುವ ತರಬೇತಿಯನ್ನೂ ಸೇರಿಸಬೇಕು. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುತ್ತಿದೆ. ಅಷ್ಟು ಹತ್ತಿರದಲ್ಲಿರುವ ನೇಕಾರ ಯುವಕ ಯುವತಿಯರಿಗೆ ಬೆಳಕು ಮತ್ತು ಬಣ್ಣದ ಒಂದು ಚಿಕ್ಕ ಶಿಬಿರ ನಡೆಸಿದರೆ ಅದರ ಫಲ ಮರುದಿನವೇ ಮಾರಾಟದಲ್ಲಿ ಕಂಡೀತು.

ಕೊಳ್ಳುವವರ ಫೋನ್ ಹೇಗಿದೆಯೋ ನಮಗೇನು ಗೊತ್ತು, ನಮ್ಮ ಮಾನಿಟರ್ ಸರಿಮಾಡಿ ಏನು ಬಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅವರ ಫೋನುಗಳ ತಪ್ಪು ಒಂದೊಂದು ದಿಕ್ಕಿಗೆ, ಒಂದು ತುಸು ನೀಲಿ, ಒಂದು ತುಸು ಗಾಢ. ನಮ್ಮ ಕಡತ ಸರಿಯಿದ್ದರೆ ಹೆಚ್ಚಿನವರಿಗೆ ಅದು ನಿಜದ ಆಸುಪಾಸಿನಲ್ಲೇ ಕಾಣುತ್ತದೆ. ನಮ್ಮ ಮಾನಿಟರ್ ತಪ್ಪಿದ್ದರೆ ಪ್ರತಿಯೊಬ್ಬರಿಗೂ ಅದೇ ತಪ್ಪು, ಅವರವರ ತಪ್ಪಿನ ಮೇಲೆ ಸೇರಿ ತಲುಪುತ್ತದೆ.

ಫೋಟೊ ತೆಗೆಯುವಲ್ಲಿಯೂ ಒಂದು ಸೂಕ್ಷ್ಮವಿದೆ. ಚೌಕಟ್ಟಿನ ತುಂಬ ಕೆಂಪು ಸೀರೆಯನ್ನೇ ತುಂಬಿಸಿದರೆ ಬೆಳಕೇ ಕೆಂಪಾಗಿದೆಯೆಂದು ಫೋನ್ ತಿಳಿದುಕೊಂಡು ಕೆಂಪನ್ನು ಕಡಿಮೆ ಮಾಡುತ್ತದೆ. ಪಕ್ಕದಲ್ಲಿ ಬೇರೆ ಬಣ್ಣದ ಛಾಯೆಯಿಲ್ಲದ ಬಿಳಿ ಅಥವಾ ಬೂದು ಕಾರ್ಡೊಂದು ಇರಲಿ. ತಿದ್ದುವಾಗ ಆ ಬೂದು ಬೂದಾಗಿಯೇ ಕಂಡರೆ ಸೀರೆಯೂ ಸರಿಯಾಗಿರುತ್ತದೆ. ನೇರ ಬಿಸಿಲು ಬೇಡ, ದೀಪ ಮತ್ತು ಕಿಟಕಿಯ ಬೆಳಕು ಬೆರೆಯುವುದೂ ಬೇಡ. ಜಗಲಿಯ ನೆರಳಿನಲ್ಲಿ ಬೆಳಗಿನ ಹೊತ್ತು ತೆಗೆಯಬೇಕು. ಎರಡು ಬಣ್ಣ ಆಡುವ ಸೀರೆಗೆ ಎರಡು ಕೋನದ ಚಿತ್ರ ಮತ್ತು ಮೆಲ್ಲಗೆ ತಿರುಗಿಸುವ ಚಿಕ್ಕ ವಿಡಿಯೊ ಕಳಿಸಿ.

ಕೊನೆಯದಾಗಿ, ಮಾನಿಟರ್ ಕೊಂಡಾಗ ನಿಮ್ಮ ಬೆನ್ನಿಗೆ ನಿಂತ ಅದೇ ಇ-ಕಾಮರ್ಸ್ ನಿಯಮ ಸೀರೆ ಮಾರುವಾಗ ಎದುರಿಗೂ ನಿಲ್ಲುತ್ತದೆ. ಮಾರಾಟ ತಾಣದ ಮೂಲಕ ಮಾರುವವರು ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ‘ಪರದೆಯಿಂದ ಪರದೆಗೆ ಬಣ್ಣ ಬದಲಾಗಬಹುದು’ ಎಂಬ ಸಾಲನ್ನು ಕೆಳಗೆ ಬರೆಯುವುದು ಒಳ್ಳೆಯದೇ, ಆದರೆ ಕುಂಕುಮ ಕೆಂಪನ್ನು ರಾಣಿ ಬಣ್ಣವಾಗಿ ತೋರಿಸಿದ್ದಕ್ಕೆ ಆ ಸಾಲು ಸಮಾಧಾನವಾಗದು. ಬೆಲೆ ಹೆಚ್ಚಿನ ಸೀರೆಗೆ ಮುಂಗಡ ಪಡೆಯುವ ಮುನ್ನ ಹಾಸು, ಹೊಕ್ಕು, ಅಂಚಿನ ನೂಲುಗಳ ತುಂಡುಗಳನ್ನು ಒಂದು ರಟ್ಟಿಗೆ ಸುತ್ತಿ, ಬಣ್ಣದ ಕಾರ್ಡಿನ ಸಂಖ್ಯೆ ಬರೆದು, ಅಂಚೆಯಲ್ಲಿ ಗಿರಾಕಿಗೆ ಕಳಿಸಿ. ಅದೇ ನೂಲಿನ ಇನ್ನೊಂದು ರಟ್ಟನ್ನು ಅವರ ಹೆಸರು, ದಿನಾಂಕದೊಂದಿಗೆ ನಿಮ್ಮಲ್ಲಿ ಇಟ್ಟುಕೊಳ್ಳಿ. ಅವರು ಅದನ್ನು ಹಗಲು ಬೆಳಕಿನಲ್ಲಿ ನೋಡಿ ಒಪ್ಪಿದೆ ಎಂದು ಬರೆದು ಕಳಿಸಿದ ಮೇಲೆ ಹಾಸು ಹೂಡಿ.